ನಿಧಾನಪ್ಪನ ತಪ್ಪು

ನಮ್ಮ ಮನೆಯವರಿಗೆ ಸ್ಟೂಲು ಹತ್ತಲು ಭಯ. ಬಲ್ಬು ಕೆಟ್ಟರೆ ಬದಲಾಯಿಸುವವಳು ನಾನು. ಕೆಳಗೆ ಸ್ಟೂಲಿನ ಕಾಲು ಹಿಡಿದುಕೊಂಡು ‘ಹುಷಾರು ಕಣೆ, ಹುಷಾರು’ ಎನ್ನುವವರು ಅವರು. ಅದೇ ಮನುಷ್ಯ ಬೆಳಗಾದರೆ ಎರಡು ಸೀಟಿನ ಪುಟ್ಟ ವಿಮಾನದಲ್ಲಿ, ಪಕ್ಕದಲ್ಲಿ ಏನೂ ಬಾರದ ವಿದ್ಯಾರ್ಥಿಯನ್ನು ಕೂರಿಸಿಕೊಂಡು, ಮೋಡದ ತನಕ ಹೋಗಿಬರುತ್ತಾರೆ. ಕೇಳಿದರೆ, ‘ಅಲ್ಲಿ ಏನಾದ್ರೂ ಆದ್ರೆ ಯೋಚನೆ ಮಾಡೋಕೆ ಟೈಮ್ ಇರತ್ತೆ. ಸ್ಟೂಲಿಂದ ಬಿದ್ರೆ ಯೋಚನೆ ಮಾಡೋದ್ರೊಳಗೆ ಸೊಂಟ ಮುರಿದಿರತ್ತೆ’ ಎನ್ನುತ್ತಾರೆ. ಇಂಥವರ ಜೊತೆ ಸಂಸಾರ ಮಾಡಿಕೊಂಡು ಬಂದಿದ್ದೇನೆ ನಾನು.

ವಿಮಾನ ಹಾರಿಸುವುದನ್ನು ಕಲಿಸುವ ಮೈದಾನದ ತಂತಿಬೇಲಿಗೆ ಅಂಟಿಕೊಂಡೇ ನಮ್ಮ ಮನೆ. ಮುಂದಿನ ಕೋಣೆಯ ಕಿಟಕಿಯ ಪಕ್ಕ ನನ್ನ ಹೊಲಿಗೆ ಯಂತ್ರವಿದೆ. ಸುತ್ತಮುತ್ತಲಿನವರ ಬಟ್ಟೆ, ಶಾಲೆಯ ಮಕ್ಕಳ ಯೂನಿಫಾರ್ಮು ಹೊಲಿಯುತ್ತೇನೆ. ಮೈದಾನದ ಗಾಳಿಚೀಲ ಹರಿದರೆ ಅದೂ ನನ್ನ ಬಳಿಗೇ ಬರುತ್ತದೆ. ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂದು ಮೇಲಿದ್ದವರಿಗೆ ತೋರಿಸಲು ಕಂಬದ ತುದಿಗೆ ಕಟ್ಟುವ ಉದ್ದನೆಯ ಬಟ್ಟೆಚೀಲ ಅದು. ಬೇರೆ ಬಟ್ಟೆಗೆ ಒಂದು ಹೊಲಿಗೆ ಹಾಕಿದರೆ ಅದಕ್ಕೆ ಎರಡು ಹಾಕುತ್ತೇನೆ. ಇವರು ಇಳಿಯುವುದು ಅದನ್ನು ನೋಡಿಕೊಂಡೇ ತಾನೇ.

ಈ ಕಸುಬಿನಲ್ಲಿ ಜನ ಸಾಯುತ್ತಾರೆ. ದೊಡ್ಡ ವಿಮಾನ ಬಿದ್ದರೆ ಪೇಪರಿನಲ್ಲಿ ಬರುತ್ತದೆ. ಸಣ್ಣ ವಿಮಾನ ಬಿದ್ದರೆ ನಮ್ಮ ಮನೆಯ ಹಜಾರಕ್ಕೆ ಜನ ಬರುತ್ತಾರೆ. ನಮ್ಮದೇ ಎಲ್ಲಕ್ಕಿಂತ ಹತ್ತಿರದ ಮನೆಯಾದ್ದರಿಂದ ಅದು ಹಾಗೆಯೇ ರೂಢಿಯಾಗಿಬಿಟ್ಟಿತ್ತು. ಮಣ್ಣು ಮಾಡಿ ಬಂದ ಸಂಜೆ ಪೈಲಟ್‌ಗಳೆಲ್ಲ ಬಂದು ಕೂರುತ್ತಿದ್ದರು. ಅಳುವುದಕ್ಕಲ್ಲ, ತಪ್ಪು ಹುಡುಕುವುದಕ್ಕೆ.

ಸಿಳ್ಳೆ ಎಂದೊಬ್ಬನಿದ್ದ. ವಿಮಾನದ ಕಡೆಗೆ ನಡೆಯುವಾಗಲೆಲ್ಲ ಸಿಳ್ಳೆ ಹಾಕುತ್ತಿದ್ದನಾದ್ದರಿಂದ ಅದೇ ಹೆಸರಾಗಿತ್ತು. ಮಂಜಿನಲ್ಲಿ ಗುಡ್ಡಕ್ಕೆ ಬಡಿದು ಹೋದ. ಅವನನ್ನು ಮಣ್ಣು ಮಾಡಿ ಬಂದವರು ನಮ್ಮ ಹಜಾರದಲ್ಲಿ ಕೂತು, ‘ಮಂಜಿದೆ ಅಂತ ಗೊತ್ತಿತ್ತು. ವಾಪಸ್ ಬರಬೇಕಿತ್ತು,’ ಎಂದು ಒಬ್ಬರಾದ ಮೇಲೊಬ್ಬರು ಹೇಳತೊಡಗಿದರು. ಹೊಲಗಳಿಗೆ ಮೇಲಿನಿಂದ ಔಷಧಿ ಹೊಡೆಯುವ ಪೈಲಟ್ ಒಬ್ಬನಿದ್ದಾನೆ. ಅವನನ್ನು ಎಲ್ಲರೂ ಔಷಧಿ ಎಂದೇ ಕರೆಯುವುದು. ಅವನಂತೂ ‘ಮಾಡಿದ್ದುಣ್ಣೋ ಮಹರಾಯ’ ಅಂದುಬಿಟ್ಟ. ನನಗೆ ಮೈಯೆಲ್ಲ ಉರಿಯಿತು.

‘ಅವನ ಮನೇಲಿ ಇನ್ನೂ ಕಣ್ಣೀರು ಆರಿಲ್ಲ. ಇಲ್ಲಿ ಕೂತು ಸತ್ತವನ ಮೇಲೆ ಗೂಬೆ ಕೂರಿಸ್ತಿದ್ದೀರಲ್ಲ, ನಾಚಿಕೆ ಆಗಲ್ವಾ ನಿಮಗೆ?’ ಎಂದು ಕಾಫಿಯ ತಟ್ಟೆಯನ್ನು ಟೀಪಾಯಿಯ ಮೇಲೆ ಕುಕ್ಕಿದೆ.

ಎಲ್ಲರೂ ತಲೆ ತಗ್ಗಿಸಿದರು. ನಮ್ಮವರ ಗೆಳೆಯ ನಿಧಾನಪ್ಪ ಮಾತ್ರ ಎದ್ದು ಬಂದು, ಚೆಲ್ಲಿದ ಕಾಫಿಯನ್ನು ತನ್ನ ಕರವಸ್ತ್ರದಲ್ಲೇ ಒರೆಸಿದ.

‘ಅತ್ತಿಗೆ, ನಾಳೆ ಬೆಳಿಗ್ಗೆ ನಾವು ಹತ್ತಬೇಕಲ್ಲ,’ ಎಂದ. ‘ಅವನು ಮಾಡಿದ ತಪ್ಪು ಇಂಥದ್ದು ಅಂತ ಗೊತ್ತಾದ್ರೆ, ನಾವು ಅದನ್ನ ಮಾಡಲ್ಲ ಅಂದ್ಕೊಂಡು ಹತ್ತಬಹುದು. ಇಲ್ಲದಿದ್ರೆ ಕಾಲೇ ಏಳಲ್ಲ. ನನ್ನ ಸರದಿ ಬಂದಾಗ ಇವರನ್ನ ತುಂಬಾ ಹೊತ್ತು ಕೂರಿಸ್ಕೋಬೇಡಿ. ಏನಾದ್ರೂ ಒಂದು ತಪ್ಪು ಹೇಳಿ ಎದ್ದು ಹೋಗಲಿ. ನಿಮಗೂ ಕಾಫಿ ಮಾಡಿ ಮಾಡಿ ಸಾಕಾಗಿರತ್ತೆ.’

‘ಬಿಡ್ತು ಅನ್ನು,’ ಎಂದು ಗದರಿದೆ. ಅವನು ನಕ್ಕ. ಅವನ ನಗೆಯೂ ನಿಧಾನವೇ, ಬಂದು ಮುಟ್ಟಲು ಹೊತ್ತು ಹಿಡಿಯುತ್ತಿತ್ತು.

ಅಂದು ಎಲ್ಲರೂ ಹೋದ ಮೇಲೆ ನಮ್ಮವರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, ‘ಅವನು ವಾಪಸ್ ಬರಲಿಲ್ಲ, ಅದೇ ಆಗಿದ್ದು. ನಾನು ಬರ್ತೀನಿ ಬಿಡು,’ ಎಂದರು. ಪ್ರತಿ ಸಾವಿನ ನಂತರವೂ ಹೀಗೆಯೇ ಒಂದು ಮಾತು ನನಗೆ ಸಿಗುತ್ತಿತ್ತು. ಹಜಾರದಲ್ಲಿ ಅಷ್ಟೆಲ್ಲ ಬೈದವಳು ನಾನೇ, ಆ ಮಾತನ್ನು ಹಿಡಿದುಕೊಂಡು ನೆಮ್ಮದಿಯಾಗಿ ಪಾತ್ರೆ ತೊಳೆಯುತ್ತಿದ್ದವಳೂ ನಾನೇ.

ನಿಧಾನಪ್ಪ ನಮ್ಮವರ ಜೊತೆಯಲ್ಲೇ ಅದೇ ಮೈದಾನದಲ್ಲಿ ಕಲಿತವನು, ಅಲ್ಲಿಯೇ ಕಲಿಸುವ ಕೆಲಸಕ್ಕೆ ಸೇರಿದವನು. ಒಡಹುಟ್ಟದಿದ್ದರೂ ತಮ್ಮನೇ. ಹಾರುವ ಮುಂಚೆ ವಿಮಾನದ ಸುತ್ತ ಒಂದು ಸುತ್ತು ಬಂದು ಎಲ್ಲ ಸರಿಯಿದೆಯೇ ಎಂದು ನೋಡುವುದು ಅವರಲ್ಲಿ ನಿಯಮ. ಇವನು ಎರಡು ಸುತ್ತು ಬರುತ್ತಿದ್ದ. ಹಸುವಿನ ಮೈ ಸವರುವಂತೆ ರೆಕ್ಕೆಯ ಉದ್ದಕ್ಕೂ ಅಂಗೈ ಆಡಿಸುತ್ತಿದ್ದ. ಟ್ಯಾಂಕಿನ ತಳದಿಂದ ಒಂದಿಷ್ಟು ಪೆಟ್ರೋಲನ್ನು ಗಾಜಿನ ಲೋಟಕ್ಕೆ ಬಿಟ್ಟುಕೊಂಡು, ನೀರು ಸೇರಿದೆಯೇ ಎಂದು ಬಿಸಿಲಿಗೆ ಹಿಡಿದು ನೋಡುತ್ತಲೇ ಇರುತ್ತಿದ್ದ. ‘ಇವನು ಹತ್ತೋದ್ರೊಳಗೆ ಗಾಳಿಯೇ ದಿಕ್ಕು ಬದಲಾಯಿಸಿರತ್ತೆ’ ಎಂದು ಔಷಧಿ ಆಡಿಕೊಳ್ಳುತ್ತಿದ್ದ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುವ ಜಾತಿ ಆ ಔಷಧಿಯದು. ನಿಧಾನಪ್ಪ ದೊಣ್ಣೆ ಬೀಸುವ ಕಡೆಗೇ ಹೋಗದವನು.

ವಿದ್ಯಾರ್ಥಿಗಳಿಗೆ ಅವನು ಪದೇ ಪದೇ ಹೇಳುತ್ತಿದ್ದ ಪಾಠ ನಮ್ಮ ಕಿಟಕಿಗೂ ಕೇಳಿಸುತ್ತಿತ್ತು. ‘ನೆಲ ಬಿಟ್ಟ ಕೂಡಲೇ ಇಂಜಿನ್ ನಿಂತ್ರೆ ಮೈದಾನದ ಕಡೆ ತಿರುಗಬೇಡ. ಅಷ್ಟು ಕೆಳಗೆ ತಿರುಗಿದ್ರೆ ವಿಮಾನ ಕಲ್ಲಿನ ಹಾಗೆ ಬೀಳತ್ತೆ. ಮೂತಿ ತಗ್ಗಿಸು, ನೇರ ಮುಂದಕ್ಕೆ ಹೋಗು, ಸಿಕ್ಕಿದ ಕಡೆ ಇಳಿಸು.’ ಕೇಳಿ ಕೇಳಿ ನನಗೂ ಬಾಯಿಪಾಠವಾಗಿತ್ತು. ಅವನ ಮಗಳೂ ಕಲಿಯಲು ಬರುತ್ತಿದ್ದಳು. ಆದರೆ ಹಿತ್ತಲ ಗಿಡ ಮದ್ದಲ್ಲ ಎಂದು ಅವಳನ್ನು ನಮ್ಮವರ ಕೈಗೆ ಒಪ್ಪಿಸಿದ್ದ. ಆ ಹುಡುಗಿ ಒಬ್ಬಳೇ ಹಾರುವ ದಿನ ಹತ್ತಿರ ಬಂದಿತ್ತು. ಅಪ್ಪನಿಗಿಂತ ಮಗಳೇ ಚುರುಕು ಎಂದು ನಮ್ಮವರು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದರು.

ಅವನು ಹೋದದ್ದು ಒಂದು ತಿಳಿಯಾದ ಬೆಳಿಗ್ಗೆ. ಮಂಜಿಲ್ಲ, ಗಾಳಿಯಿಲ್ಲ. ಇಂಜಿನ್ನಿನ ಒಂದು ಬಿಡಿಭಾಗವನ್ನು ಪಕ್ಕದ ಮೈದಾನಕ್ಕೆ ತಲುಪಿಸಲು ಒಬ್ಬನೇ ಹೊರಟಿದ್ದ. ನಾನು ಒಂದು ಲಂಗದ ಅಂಚು ಹೊಲಿಯುತ್ತಿದ್ದೆ. ವಿಮಾನ ನಮ್ಮ ಸೂರಿನ ಮೇಲೆ ಹಾದುಹೋದ ಸದ್ದು ಕೇಳಿತು, ಕೂಡಲೇ ನಿಂತುಹೋಯಿತು. ನನ್ನ ಯಂತ್ರದ ಸದ್ದಿನಲ್ಲಿ ಕೇಳಿಸುತ್ತಿಲ್ಲವೇನೋ ಎಂದು ಪೆಡಲಿನಿಂದ ಕಾಲು ತೆಗೆದೆ. ಆಗಲೂ ಏನೂ ಕೇಳಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ದೂರದಲ್ಲಿ ಒಂದು ಸಣ್ಣ ಸದ್ದಾಯಿತು, ಯಾರೋ ತಗಡಿನ ಬಾಗಿಲು ಹಾಕಿದ ಹಾಗೆ.

ಅವನು ತಾನು ಕಲಿಸಿದ್ದನ್ನೇ ಮಾಡಿದ್ದ. ತಿರುಗಿರಲಿಲ್ಲ. ನೇರ ಮುಂದಕ್ಕೆ ಹೋಗಿ, ಬೀಳುಬಿಟ್ಟ ಹೊಲದಲ್ಲಿ ಚೆನ್ನಾಗಿಯೇ ಇಳಿಸಿದ್ದ. ಚಕ್ರಗಳು ನೆಲದ ಮೇಲೆ ಓಡಿದ ಗುರುತೂ ಇತ್ತು. ಎದೆಯೆತ್ತರ ಬೆಳೆದ ಹುಲ್ಲಿನೊಳಗೆ ಹಳೆಯದೊಂದು ಕಲ್ಲಿನ ಗೋಡೆಯಿತ್ತು, ಓಡುತ್ತಿದ್ದ ವಿಮಾನ ಅದಕ್ಕೆ ಹೋಗಿ ಬಡಿದಿತ್ತು. ಅದು ಅಲ್ಲಿದೆ ಎಂದು ಮೈದಾನದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇಂಜಿನ್ ಬಿಚ್ಚಿದ ಮೆಕ್ಯಾನಿಕ್ ಹೇಳಿದ್ದಿಷ್ಟು: ಒಳಗಿನ ದಂಡವೊಂದು ತುಂಡಾಗಿದೆ, ಹೊರಗಿನಿಂದ ಎಷ್ಟು ಸುತ್ತು ಬಂದು ನೋಡಿದ್ದರೂ ಕಾಣುವಂಥದ್ದಲ್ಲ.

ಅವನನ್ನು ಮಣ್ಣು ಮಾಡಿ ಬಂದ ಸಂಜೆಯೂ ಎಲ್ಲರೂ ಬಂದರು. ನಾನು ಕಾಫಿ ಇಟ್ಟೆ. ಔಷಧಿ ಶುರು ಮಾಡಿದ.

‘ಎಡಕ್ಕೆ ಸ್ವಲ್ಪ ತಿರುಗಿದ್ರೆ ಬಯಲಿತ್ತಲ್ಲ.’

‘ಆ ಎತ್ತರದಲ್ಲಿ ತಿರುಗಿದ್ದಿದ್ರೆ ಬಯಲು ಮುಟ್ಟೋಕೆ ಮುಂಚೆನೇ ಬೀಳ್ತಿದ್ದ,’ ಎಂದರು ನಮ್ಮವರು.

‘ಕಣ್ಣು ಮಂಜಾಗಿತ್ತೇನೋ,’ ಎಂದ ಮತ್ತೊಬ್ಬ.

‘ಮೊನ್ನೆ ತಾನೆ ಡಾಕ್ಟರ್ ನೋಡಿ ಸರಿಯಿದೆ ಅಂದಿದ್ರು.’

ಆಮೇಲೆ ಯಾರಿಗೂ ಏನೂ ತೋಚಲಿಲ್ಲ. ಕಾಫಿ ಆರಿ ಕೆನೆ ಕಟ್ಟಿತು. ಅಷ್ಟು ವರ್ಷಗಳಲ್ಲಿ ಮೊದಲ ಸಲ, ತಪ್ಪು ಸಿಗದೆ ಎದ್ದು ಹೋದರು. ಬಾಯಿಬಡುಕ ಔಷಧಿ ಹೊಸ್ತಿಲ ಹೊರಗೆ ಚಪ್ಪಲಿಯೊಳಗೆ ಕಾಲು ತೂರಿಸಲು ಒದ್ದಾಡುತ್ತಿದ್ದ. ಅಡುಗೆಮನೆಯ ಬಾಗಿಲಿಗೆ ನಮ್ಮವರು ಬರಲಿಲ್ಲ. ನಾನು ಪಾತ್ರೆ ತೊಳೆದದ್ದನ್ನೇ ತೊಳೆಯುತ್ತ ಕಾದೆ, ಆದರೂ ಬರಲಿಲ್ಲ. ಮರುದಿನ ಮೈದಾನದಿಂದ ಒಂದು ವಿಮಾನವೂ ಏಳಲಿಲ್ಲ.

ಅದಾಗಿ ಕೆಲವು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ನಿಧಾನಪ್ಪನ ಹೆಂಡತಿ ಮಗಳನ್ನು ಕರೆದುಕೊಂಡು ಬಂದಳು. ನನ್ನ ಯಂತ್ರದ ಪಕ್ಕದ ಬೆಂಚಿನ ಮೇಲೆ, ನಮ್ಮವರ ಎದುರಿಗೆ ಕೂತಳು. ನೀರು ಕೊಟ್ಟರೆ ಕುಡಿಯಲಿಲ್ಲ.

‘ಭಾವ, ನೀವೆಲ್ಲ ಇಲ್ಲಿ ಕೂತು ಮಾತಾಡ್ತಿದ್ದದ್ದು ನನಗೆ ಗೊತ್ತು,’ ಎಂದಳು. ‘ಪ್ರತಿ ಸಲ ಮನೆಗೆ ಬಂದು ಇವರು ನನಗೆ ಹೇಳೋರು. ಅವನು ಹೀಗೆ ಮಾಡಿದ, ನಾನು ಮಾಡಲ್ಲ, ಹೆದರಬೇಡ ಅಂತ. ಈ ಸಲ ನನಗೆ ಹೇಳೋರೇ ಇಲ್ಲ. ನೀವು ಹೇಳಿ. ಇವರ ತಪ್ಪೇನಿತ್ತು?’

ಅವಳು ಮಗಳ ಕಡೆಗೆ ಕೈ ತೋರಿಸಿದಳು.

‘ಇವಳು ಹಾರಲೇಬೇಕು ಅಂತ ಹಟ ಹಿಡಿದಿದ್ದಾಳೆ. ಇವರ ತಪ್ಪಿತ್ತು ಅಂತಾದ್ರೆ, ಅದನ್ನ ಮಾಡಬೇಡ ಅಂತ ಬುದ್ಧಿ ಹೇಳಿ ಕಳಿಸ್ತೀನಿ. ತಪ್ಪೇ ಇರಲಿಲ್ಲ ಅಂದ್ರೆ ಏನಂತ ಹೇಳಿ ಕಳಿಸಲಿ? ಇವಳು ಇನ್ನು ಆ ಗೇಟು ದಾಟೋದು ಬೇಡ.’

ಹುಡುಗಿ ಬಾಗಿಲ ಹತ್ತಿರ ನಿಂತು ನಮ್ಮವರನ್ನೇ ನೋಡುತ್ತಿದ್ದಳು. ಏನಾದರೂ ಒಂದು ಹೇಳಿ ಎಂದು ಆ ಕಣ್ಣು ಬೇಡುತ್ತಿದ್ದುದು ಕುರುಡರಿಗೂ ಕಾಣುವಂತಿತ್ತು. ಹೇಳಿಬಿಡಲಿ ಎಂದು ನನಗೂ ಅನಿಸಿತು. ನಿಜ ಹೇಳಬೇಕೆಂದರೆ ಆ ಹುಡುಗಿಗಿಂತ ಹೆಚ್ಚಾಗಿ ನನಗೇ ಅದು ಬೇಕಾಗಿತ್ತು.

ನಮ್ಮವರು ಅಂಗೈಯನ್ನು ಮಂಡಿಯ ಮೇಲೆ ಉಜ್ಜಿಕೊಂಡರು. ‘ಅವನ ತಪ್ಪು ಏನೂ ಇರಲಿಲ್ಲಮ್ಮ,’ ಎಂದರು. ‘ನಾನಾಗಿದ್ರೂ ಹಾಗೇ ಮಾಡ್ತಿದ್ದೆ. ನಾನೂ ಅಲ್ಲೇ ಇಳಿಸ್ತಿದ್ದೆ. ನಾನೂ ಸಾಯ್ತಿದ್ದೆ.’

ನಿಧಾನಪ್ಪನ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಬಂದಾಗಿನಿಂದ ಅತ್ತಿರಲಿಲ್ಲ, ಈಗ ತಡೆಯಲಾಗಲಿಲ್ಲ. ಗಂಡನ ಮೇಲೆ ಮಾತು ಬರಲಿಲ್ಲವೆಂಬ ಸಮಾಧಾನವೋ, ಅಷ್ಟು ಜೋಪಾನ ಮಾಡಿದವನಿಗೂ ಹೀಗಾಯಿತಲ್ಲ ಎಂಬ ಸಂಕಟವೋ, ನನಗೆ ತಿಳಿಯಲಿಲ್ಲ. ಅವಳ ಬೆನ್ನು ಸವರುತ್ತ ಕೂತೆ. ಕೊನೆಗೆ ಕಣ್ಣೊರೆಸಿಕೊಂಡು ‘ನಡಿ ಮಗಳೇ’ ಎಂದು ಎದ್ದಳು.

ತಾಯಿ ಮೆಟ್ಟಿಲಿಳಿದ ಮೇಲೆ ಹುಡುಗಿ ಒಂದು ಗಳಿಗೆ ಹಿಂದೆ ಉಳಿದಳು.

‘ದೊಡ್ಡಪ್ಪ, ಏನಾದ್ರೂ ಒಂದು ಹೇಳಬಹುದಿತ್ತು,’ ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ‘ಅಪ್ಪ ಏನೂ ಅಂದ್ಕೋತಿರಲಿಲ್ಲ.’

ಅವಳು ಮತ್ತೆ ಮೈದಾನಕ್ಕೆ ಬರಲಿಲ್ಲ. ಈಗ ಯಾವುದೋ ಅಂಗಡಿಯಲ್ಲಿ ಬಿಲ್ಲು ಬರೆಯುತ್ತಾಳಂತೆ. ಅವತ್ತು ಅವರು ಹೋದ ಮೇಲೆ ನಾನು ಇವರ ಮೇಲೆ ಹರಿಹಾಯ್ದೆ. ‘ಆ ಮಗುವಿನ ಮುಖ ನೋಡಿಯಾದ್ರೂ ಒಂದು ಸುಳ್ಳು ಹೇಳಬಾರದಿತ್ತಾ? ಬಾಯೇನು ಸವೆದು ಹೋಗ್ತಿತ್ತಾ?’

‘ಸತ್ತವನ ಮೇಲೆ ಗೂಬೆ ಕೂರಿಸಬೇಡಿ ಅಂತ ಇಷ್ಟು ವರ್ಷ ಬೈದವಳು ನೀನೇ ಅಲ್ವೇನೆ,’ ಎಂದರು.

ಆಮೇಲೆ ಬಹಳ ದಿನ ಇವರು ಹಾರಲಿಲ್ಲ. ಬೆಳಿಗ್ಗೆ ಹೋಗುವರು, ವಿಮಾನದ ಸುತ್ತ ಎರಡು ಸುತ್ತು ಬರುವರು, ರೆಕ್ಕೆಯ ಮೇಲೆ ಅಂಗೈ ಇಟ್ಟು ನಿಂತುಬಿಡುವರು. ಕಿಟಕಿಯಿಂದ ನನಗೆ ಎಲ್ಲ ಕಾಣುತ್ತಿತ್ತು. ಹಾರಿಲ್ಲವಲ್ಲ ಎಂದು ಒಳಗೊಳಗೇ ಖುಷಿಯಾಗುತ್ತಿತ್ತು. ಮನೆಗೆ ಬಂದರೆ ಅನ್ನ ಕಲಸುತ್ತ ಕೂರುವರು, ತುತ್ತು ಬಾಯಿಗೆ ಹೋಗುತ್ತಿರಲಿಲ್ಲ. ಮಾತು ನಿಂತಿತು, ನಗೆ ನಿಂತಿತು. ಹೀಗೆ ಬದುಕಿದ್ದರೂ ಇಲ್ಲದ ಹಾಗೇ ಆಗಿದ್ದರು. ಅವರು ಹಾರಿದರೆ ನನಗೆ ಭಯ, ಹಾರದೆ ಉಳಿದರೆ ಅವರೇ ಉಳಿಯುವಂತಿರಲಿಲ್ಲ.

ಒಂದು ಬೆಳಿಗ್ಗೆ ಬೂಟು ಕಟ್ಟಿಕೊಂಡು ಬಾಗಿಲಲ್ಲಿ ನಿಂತರು. ಹೊಸ ವಿದ್ಯಾರ್ಥಿಯೊಬ್ಬ ಕಾಯುತ್ತಿದ್ದಾನೆ ಎಂದರು. ಹೊರಡುವಾಗ ಯಾವಾಗಲೂ ‘ಬರ್ತೀನಿ’ ಎನ್ನುವ ಮನುಷ್ಯ, ಅವತ್ತು ಚಿಲಕ ಹಿಡಿದುಕೊಂಡು ಸುಮ್ಮನೆ ನಿಂತಿದ್ದರು. ನಾನು ಯಂತ್ರದ ಮುಂದಿನಿಂದ ಎದ್ದೆ.

‘ರೀ,’ ಎಂದೆ. ‘ನಿಧಾನಪ್ಪ ಏನು ತಪ್ಪು ಮಾಡಿದ?’

ಅವರು ಚಿಲಕ ಬಿಟ್ಟು ನನ್ನ ಕಡೆಗೆ ತಿರುಗಿದರು. ಅವರ ಕಣ್ಣು ತುಂಬಿ ಬಂತು.

‘ಎಡಕ್ಕೆ ಸ್ವಲ್ಪ ತಿರುಗಬೇಕಿತ್ತು ಕಣೆ,’ ಎಂದರು. ‘ಬಯಲಿತ್ತು. ಅವನು ನೋಡಲಿಲ್ಲ.’

‘ನೀವು?’

‘ನಾನು ನೋಡ್ತೀನಿ ಬಿಡು. ಬರ್ತೀನಿ.’

‘ಬನ್ನಿ,’ ಎಂದೆ.

ಅವರು ಗೇಟು ದಾಟುವವರೆಗೆ ಬಾಗಿಲಲ್ಲೇ ನಿಂತಿದ್ದೆ. ನಿಧಾನಪ್ಪ, ಏನೂ ಅಂದ್ಕೋಬೇಡಪ್ಪ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಆಮೇಲೆ ಒಳಗೆ ಬಂದು ಯಂತ್ರದ ಮುಂದೆ ಕೂತೆ. ವಿಮಾನ ನಮ್ಮ ಸೂರಿನ ಮೇಲೆ ಹಾದು ದೂರ ಹೋಗುವವರೆಗೂ ಪೆಡಲಿನ ಮೇಲೆ ಕಾಲಿಡಲಿಲ್ಲ.