ಹಚ್ಚದೆ ಉಳಿದ ಬತ್ತಿ

ಮೊನ್ನೆ ಅಂಗಡಿಯಲ್ಲಿ ದೇವರ ಪಟದ ಹಿಂದಿನ ಗೂಡಿಗೆ ಕೈ ಹಾಕಿದಾಗ ಹಳೆ ಮೇಣದ ವಾಸನೆ ಮೂಗಿಗೆ ಬಡಿಯಿತು. ಕಾಗದದಲ್ಲಿ ಸುತ್ತಿಟ್ಟ ಒಂದು ಮೇಣದ ಬತ್ತಿ. ಎಷ್ಟೋ ಬೇಸಿಗೆಗಳ ಕಾವಿಗೆ ನಡು ಬಗ್ಗಿತ್ತು. ನೂಲಿನ ತುದಿ ಮಾತ್ರ ಇನ್ನೂ ಬೆಳ್ಳಗಿತ್ತು. ಅದನ್ನು ಹಿಡಿದು ಹಾಗೇ ಕೂತುಬಿಟ್ಟೆ... ಗಿರಾಕಿ ಎರಡು ಸಲ ಕರೆದರೂ ಏಳಲಿಲ್ಲ.

ನನ್ನ ಅಂಗಡಿ ಇರುವುದು ಶ್ರೀರಂಗಪಟ್ಟಣದಲ್ಲಿ, ಪಶ್ಚಿಮವಾಹಿನಿಗೆ ಹೋಗುವ ದಾರಿಯಲ್ಲಿ. ಹೊಳೆಗೆ ಅಸ್ಥಿ ಬಿಡಲು ಬರುವವರಿಗೆ ಮಡಕೆ, ದರ್ಭೆ, ಎಳ್ಳು, ನೂಲು, ಹೂವು ಮಾರುತ್ತೇನೆ. ಕಿಕ್ಕೇರಿಯಿಂದ ಒಂದೇ ಒಂದು ಹೂವಿನ ಬುಟ್ಟಿ ಹೊತ್ತು ಬಸ್ಸಿಳಿದವನು ನಾನು. ಚೌಕಾಸಿಯೇ ನನ್ನ ವಿದ್ಯೆ. ಅಳುತ್ತಾ ಬಂದವರಿಗೆ ಸಾಮಾನಿನ ಜೊತೆ ಬುದ್ಧಿಮಾತನ್ನೂ ಕಟ್ಟಿಕೊಡುವುದು ರೂಢಿ: ಕಾರ್ಯ ಮುಗಿಸಿಬಿಡಿ, ಮನಸ್ಸು ಹಗುರವಾಗುತ್ತದೆ. ಹೆಣ ಸಿಗದಿದ್ದರೂ ದಾರಿಯಿದೆ, ದರ್ಭೆಯಲ್ಲೇ ಒಂದು ಆಕಾರ ಕಟ್ಟಿ ಸುಟ್ಟು ಕಾರ್ಯ ಮಾಡಿಸುತ್ತಾರೆ. ವ್ಯಾಪಾರವಾಗಲಿ ಸಾವಾಗಲಿ, ಅರ್ಧಕ್ಕೆ ಬಿಡಬಾರದು... ಹಾಗೆಂದೇ ನಂಬಿದ್ದೆ.

ಬತ್ತಿ ಅಕ್ಕ ನನ್ನ ಪಕ್ಕದ ಮನೆಯವರು. ಶ್ರೀಲಂಕಾದ ಯುದ್ಧಕ್ಕೆ ಹೆದರಿ ಸಮುದ್ರ ದಾಟಿದವರು. ತಮಿಳುನಾಡಿನ ಕ್ಯಾಂಪಿನಲ್ಲಿ ಕೆಲವು ವರ್ಷ ಇದ್ದು, ಚರ್ಚಿನವರ ನೆರವಿನಿಂದ ನಮ್ಮೂರು ಸೇರಿದ್ದರು. ಚರ್ಚಿನಲ್ಲಿ ಉರಿದು ಉಳಿದ ಮೇಣದ ತುಂಡುಗಳನ್ನು ಕರಗಿಸಿ ಹೊಸ ಬತ್ತಿ ಹೊಯ್ಯುವುದು ಅವರ ಕೆಲಸ. ಸಮುದ್ರ ದಾಟುವಾಗ ಅವರು ಮುಂದಿನ ದೋಣಿಯಲ್ಲಿದ್ದರು, ಗಂಡ ಹಿಂದಿನದರಲ್ಲಿ. ಹಿಂದಿನ ದೋಣಿ ದಡ ಸೇರಲಿಲ್ಲ. ಅಕ್ಕ ಮಾತ್ರ ಕೊರಳ ತಾಳಿ ತೆಗೆದಿರಲಿಲ್ಲ. ಗಂಡನ ಹೆಸರನ್ನು ಈ ಊರಲ್ಲಿ ಅವರು ಬಾಯಿಬಿಟ್ಟು ಹೇಳಿದ್ದು ನನಗೊಬ್ಬನಿಗೇ, ಅವರ ಪತ್ತೆಗಾಗಿ ನಾನು ಅರ್ಜಿ ಬರೆದುಕೊಟ್ಟಾಗ.

ಒಂದು ವರ್ಷ, ನವೆಂಬರಿನ ಸತ್ತವರ ದಿನ ಹತ್ತಿರ ಬಂದಾಗ, ಫಾದರ್ರು ಹೊಸ ವಿಚಾರವೊಂದನ್ನು ಹೇಳಿದರು. ಗಡಿ ದಾಟುವಾಗ ಕಡಲಲ್ಲೋ ಮರಳುಗಾಡಲ್ಲೋ ಸತ್ತು, ಸಮಾಧಿಯೂ ಇಲ್ಲದೆ ಹೋದವರಿಗಾಗಿ ಒಂದು ಪ್ರಾರ್ಥನೆ. ಬೇರೆ ದೇಶದ ಚರ್ಚುಗಳಲ್ಲೂ ಹೀಗೆ ಮಾಡುತ್ತಾರಂತೆ. ಗೊತ್ತಿದ್ದವರ ಹೆಸರನ್ನು, ಹೆಸರು ತಿಳಿಯದಿದ್ದರೆ ಪೇಪರಿನಲ್ಲಿ ಓದಿದ್ದನ್ನಾದರೂ, ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಬೇಕು. ಒಂದೊಂದು ಚೀಟಿಗೂ ಒಂದೊಂದು ಬತ್ತಿ.

ಆ ವಾರ ಅಕ್ಕ ಬತ್ತಿಗೆ ನೂಲು ಕೊಳ್ಳಲು ಬಂದರು. ಚೌಕಾಸಿಯಲ್ಲಿ ನನ್ನನ್ನೂ ಮೀರಿಸಿದವರು ಅವರು.

“ಅಕ್ಕ, ನಿಮ್ಮೋರ ಎಸ್ರೂ ಬರ್ದಾಕ್ಬುಡಿ. ಇನ್ನೆಷ್ಟ್ ವರ್ಸ ಇಂಗೇ ಕಾಯ್ತೀರಾ?” ಎಂದೆ.

“ನಾನ್ ಬರ್ದ್ರೆ, ನಾನೇ ಅವ್ರನ್ನ ಸಾಯಿಸ್ದಂಗೆ ಕಣಣ್ಣ.”

“ಸಾಯ್ಸೋದೇನ್ ಬಂತು? ಮನ್ಸು ಅಗುರಾಯ್ತದೆ ಬುಡಿ.”

“ಎಳ್ಳು ತೂಗ್ದಂಗೆ ಮನ್ಸೂ ತೂಗೋಕ್ ಬಂದ್ಬುಟ್ರಲ್ಲ!” ಎಂದು ನಕ್ಕು, ಬೆಲೆಯನ್ನೂ ಇಳಿಸಿ, ನೂಲು ತೆಗೆದುಕೊಂಡು ಹೋದರು.

ಆ ನಗುವನ್ನು ನಾನು ಅರ್ಧ ಒಪ್ಪಿಗೆ ಎಂದುಕೊಂಡೆ. ನಕ್ಕ ಗಿರಾಕಿ ಕೊಂಡೇ ಹೋಗುತ್ತಾನೆ ಎಂಬುದು ನನ್ನ ಅನುಭವ. ಚರ್ಚಿಗೆ ಹೂವಿನ ಆರ್ಡರು ಕೇಳಲು ಹೋದವನು ಆ ಹೆಸರನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಿಬಿಟ್ಟೆ.

ಪ್ರಾರ್ಥನೆಯ ದಿನ ಸೇವಂತಿಗೆ ಬುಟ್ಟಿ ಇಳಿಸಿ ಹಿಂದಿನ ಕಂಬಕ್ಕೆ ಒರಗಿ ನಿಂತೆ. ಫಾದರ್ರು ಚೀಟಿ ಬಿಡಿಸಿ ಓದುತ್ತಿದ್ದರು. ಪಕ್ಕದಲ್ಲಿ ಬತ್ತಿ ಹಚ್ಚುತ್ತಿದ್ದವರು... ಅಕ್ಕ! ಅವರ ಕೈಯಲ್ಲೇ ಹಚ್ಚಿಸುತ್ತಾರೆಂದು ನನಗೆ ಹೊಳೆದೇ ಇರಲಿಲ್ಲ. ಎಷ್ಟೋ ಚೀಟಿಗಳಲ್ಲಿ ಹೆಸರೂ ಇರಲಿಲ್ಲ. ‘ದೋಣಿಯಲ್ಲಿದ್ದ ಒಬ್ಬ ತಾಯಿ’, ‘ತಂತಿಬೇಲಿಯ ಬಳಿ ಸಿಕ್ಕ ಮಗು’. ಒಂದೊಂದು ಚೀಟಿ ಬಿಚ್ಚಿದಾಗಲೂ ಅದು ನಾನು ಬರೆದದ್ದೇ ಎಂದು ಕತ್ತು ಚಾಚಿ ನೋಡುತ್ತಿದ್ದೆ. ಮುಂದೆ ಹೋಗಿ ತಡೆಯಲೇ? ಏನೆಂದು ತಡೆಯಲಿ?

ಆ ಹೆಸರು ಬಂತು.

ಅಕ್ಕ ಆಗಲೇ ಕಡ್ಡಿ ಗೀರಿದ್ದರು. ಕೈ ಬತ್ತಿಯ ಹತ್ತಿರ ಹೋಗಿ ನಿಂತಿತು. ಉರಿ ಬೆರಳ ತುದಿಗೆ ಇಳಿಯಿತು. ಅವರು ಕೈ ಕೊಡವಲಿಲ್ಲ. ಫಾದರ್ರು ತಲೆಯೆತ್ತಿ ನೋಡಿದರು. ಕಡ್ಡಿ ತಾನಾಗಿಯೇ ಆರಿತು. ಅಕ್ಕ ಆ ಬತ್ತಿಯನ್ನು ಸಾಲಿನಿಂದ ಕಿತ್ತು ಸೆರಗಿನಲ್ಲಿ ಸುತ್ತಿಕೊಂಡು, “ಮುಂದಿನ್ ಚೀಟಿ ಓದಿ ಫಾದರ್” ಎಂದರು. ಉಳಿದವನ್ನೆಲ್ಲ ಒಂದೂ ಬಿಡದೆ ಹಚ್ಚಿದರು.

ಮಾರನೆಯ ದಿನ ಅಂಗಡಿಗೆ ಬಂದರು. ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದರು.

“ಬರ್ದೋರು ನೀವೇ ಅಲ್ವಾ?”

“ಊಂ ಅಕ್ಕ... ತಪ್ಪಾಯ್ತು.”

“ಮಾರಿದ್ ಮಾಲು ವಾಪಸ್ ತಗೊಳಲ್ಲ ಅಂತ ಬೋರ್ಡ್ ಹಾಕಿದ್ದೀರಲ್ಲ, ಓದಿದ್ ಎಸ್ರೂ ಅಂಗೇ ಕಣಣ್ಣ.” ಬತ್ತಿಯನ್ನು ನನ್ನ ಮುಂದಿಟ್ಟರು. “ಇದು ನಿಮ್ಮತ್ರಾನೇ ಇರ್ಲಿ. ನಿಜವಾದ ಸುದ್ದಿ ಬಂದ್ ದಿನ ನಾನೇ ಬಂದು ಈಸ್ಕತೀನಿ.”

ಆಮೇಲೂ ನೂಲಿಗೆ ಬರುತ್ತಿದ್ದರು. ಹೇಳಿದಷ್ಟು ಕೊಟ್ಟು ಹೋಗುತ್ತಿದ್ದರು. ಮತ್ತೆಂದೂ ನನ್ನೊಡನೆ ಚೌಕಾಸಿ ಮಾಡಲಿಲ್ಲ.

ಅಕ್ಕ ತೀರಿಕೊಂಡು ಎರಡು ವರ್ಷವಾಯಿತು. ಸುದ್ದಿ ಬರಲೇ ಇಲ್ಲ. ತಾಳಿಯ ಸಮೇತ ಮಣ್ಣಾದರು. ಅಂಗಡಿಗೆ ಬಂದವರಿಗೆ ನಾನು ಈಗಲೂ ಬುದ್ಧಿ ಹೇಳುತ್ತೇನೆ, ಅದು ಹೋಗುವ ಗುಣವಲ್ಲ. ಹೆಣ ಸಿಗದವರ ಮನೆಯವರು ಬಂದರೆ ಮಾತ್ರ, ಕೇಳಿದ ಸಾಮಾನು ಕಟ್ಟಿಕೊಟ್ಟು ಸುಮ್ಮನಾಗುತ್ತೇನೆ.

ಬತ್ತಿ ಸಿಕ್ಕ ಆ ಸಂಜೆಯೇ ಅವರ ಸಮಾಧಿಗೆ ಹೋಗಿ ಒಂದು ಹೊಸ ಬತ್ತಿ ಹಚ್ಚಿದೆ. ಬಗ್ಗಿದ ಈ ಬತ್ತಿಯನ್ನೂ ಒಯ್ದಿದ್ದೆ. ಪಕ್ಕದಲ್ಲಿ ನೆಟ್ಟು, ಕಡ್ಡಿಯನ್ನೂ ಗೀರಿದೆ... ಬೆರಳಿಗೆ ಬಿಸಿ ತಾಕಿತು, ಆರಿಸಿದೆ. ಬತ್ತಿಯನ್ನು ಮತ್ತೆ ಕಾಗದದಲ್ಲಿ ಸುತ್ತಿ ತಂದು ಗೂಡಿನಲ್ಲಿಟ್ಟಿದ್ದೇನೆ. ಈಸಿಕೊಳ್ಳಲು ಬರುತ್ತೇನೆಂದವರು ಇನ್ನಿಲ್ಲ. ಆದರೂ ಅದು ನನ್ನದಲ್ಲ.