ಅಮ್ಮ ಚಿವುಟಿದ ಹೂಗಳು

ನಾನು ಹೊಟ್ಟೆಕಿಚ್ಚು ಪಟ್ಟದ್ದು ಎಪ್ಪತ್ತು ದಾಟಿದ ಒಬ್ಬ ಒಂಟಿ ಹೆಂಗಸಿನ ಮೇಲೆ ಎಂದು ಬರೆಯಲು ನಾಚಿಕೆಯಾಗುತ್ತದೆ. ಆದರೆ ಪಟ್ಟದ್ದು ನಿಜ. ಅಂತಿಂಥ ಹೊಟ್ಟೆಕಿಚ್ಚೂ ಅಲ್ಲ ಅದು, ಬೆಳಗಿನ ಕಾಫಿ ಗಂಟಲಲ್ಲಿ ಇಳಿಯದಂಥದ್ದು.

ಕ್ಲಾರ್ಕ್ಸ್‌ಬರ್ಗ್‌ನಲ್ಲಿ ನಮ್ಮ ಹಿತ್ತಲಿಗೂ ಆಕೆಯ ಹಿತ್ತಲಿಗೂ ನಡುವೆ ಇರುವುದು ಒಂದು ಬಿಳಿ ಪ್ಲಾಸ್ಟಿಕ್ ಬೇಲಿ. ಆಕೆ ಮೂವತ್ತು ವರ್ಷ ಸ್ಕೂಲ್ ಬಸ್ ಓಡಿಸಿ ನಿವೃತ್ತಳಾದವಳು. ಗಂಡ ಇಲ್ಲ. ಬೆರಳಿನ ಗಂಟುಗಳೆಲ್ಲ ಊದಿಕೊಂಡು ಚಳಿಗಾಲದಲ್ಲಿ ಒಂದು ಮುಚ್ಚಳ ತೆಗೆಯುವುದೂ ಕಷ್ಟ. ಇಲ್ಲಿನ ನಮ್ಮ ರಾಜ್ಯದಲ್ಲಿ ಮನೆಯಲ್ಲಿ ಗಾಂಜಾ ಬೆಳೆದುಕೊಳ್ಳಬಹುದು ಎಂದು ಕಾನೂನು ಬಂದ ಮೇಲೆ ಆಕೆ ವರ್ಷಕ್ಕೆ ಎರಡು ಗಿಡ ಹಾಕುತ್ತಿದ್ದಳು. ಮನೆಗೆ ಎರಡೇ, ಅವೂ ಬೀದಿಗೆ ಕಾಣಬಾರದು. ಅಕ್ಟೋಬರಿನಲ್ಲಿ ಹೂ ಕೊಯ್ದು, ಒಣಗಿಸಿ, ಎಣ್ಣೆಯಲ್ಲಿ ಕಾಯಿಸಿ ಬೆರಳಿಗೆ ಹಚ್ಚಿಕೊಳ್ಳುತ್ತಿದ್ದಳು. ಒಂದು ಚೂರು ನಿದ್ದೆಗೆ. ಚಳಿಗಾಲವನ್ನು ಪೂರ್ತಿ ಆ ಒಂದು ಬೆಳೆಯ ಮೇಲೆ ದೂಡಬೇಕು.

ಗಿಡ ಬೆಳೆಸುವುದರಲ್ಲಿ ನಾನೇನೂ ಕಡಿಮೆಯಿಲ್ಲ. ಡೆಕ್ಕಿನ, ಅಂದರೆ ಹಿಂಬದಿಯ ಮರದ ಜಗಲಿಯ, ಪಕ್ಕ ನಾಲ್ಕು ಮರದ ಪೆಟ್ಟಿಗೆಗಳಲ್ಲಿ ಬದನೆ, ಹೀರೆ, ಮೆಣಸಿನಕಾಯಿ ಹಾಕುತ್ತೇನೆ. ನಮ್ಮ ಕನ್ನಡದವರು ಮನೆಗೊಂದು ಅಡಿಗೆ ತಂದು ಕೂಡುವ ಪಾಟ್‌ಲಕ್‌ಗಳಲ್ಲಿ ನನ್ನ ಹೀರೆಕಾಯಿಗೆ ಹೆಸರಿದೆ. ಅಮ್ಮ ಊರಿನಿಂದ ಆರು ತಿಂಗಳಿಗೆ ಬರುತ್ತಾಳೆ ಎಂದಾಗ ನಾನು ಮೊದಲು ಓಡಿದ್ದು ಮಣ್ಣು ತರಲು. ಮೇ ತಿಂಗಳಲ್ಲಿ ಅಮ್ಮ ಬಂದಳು, ಪೆಟ್ಟಿಗೆಗಳ ಸುತ್ತ ಒಂದು ಸುತ್ತು ಹಾಕಿದಳು, ಬೆರಳಿಂದ ಮಣ್ಣು ಒತ್ತಿ ನೋಡಿ, ನೀರು ಜಾಸ್ತಿ ಹಾಕಿದೀಯ ಅಂದಳು. ಅಷ್ಟೇ. ನಾಲ್ಕು ಪೆಟ್ಟಿಗೆಗೆ ಒಂದು ಮಾತು.

ಅಮ್ಮನ ಕೈಗುಣ ದೊಡ್ಡದು, ಒಪ್ಪುತ್ತೇನೆ. ಹುಣಸೂರಿನ ಕಡೆ ನಮ್ಮದು ಹೊಗೆಸೊಪ್ಪಿನ ಹೊಲ. ಸೊಪ್ಪು ಬೇಯಿಸುವ ಎತ್ತರದ ಕೋಣೆಗೆ ನಮ್ಮಲ್ಲಿ ಬ್ಯಾರನ್ ಅನ್ನುತ್ತಾರೆ. ಎಲೆಯನ್ನು ಕಡ್ಡಿಗೆ ಕಟ್ಟಿ ಅದರೊಳಗೆ ಸಾಲು ಸಾಲಾಗಿ ಏರಿಸಿ, ಕೆಳಗೆ ಬೆಂಕಿ ಹಾಕಿ ದಿನಗಟ್ಟಲೆ ಕಾಯುವುದು. ಯಾವಾಗ ಹಳದಿ ತಿರುಗಿತು, ಯಾವಾಗ ಎಲೆಯ ನಡುನಾರು ಒಣಗಿತು ಎಂದು ಹೇಳಲು ಊರಿನವರು ಅಮ್ಮನನ್ನು ಕರೆಯುತ್ತಿದ್ದರು. ನಾನು ಮಾತ್ರ ಬಾಗಿಲ ಹತ್ತಿರ ಹೋದರೂ ಗದರುತ್ತಿದ್ದಳು. ಕೈ ಅಂಟಾಗುತ್ತೆ, ಓದ್ಕೋ ಹೋಗು. ಹತ್ತನೇ ವರ್ಷಕ್ಕೆ ಮೈಸೂರಿನ ಹಾಸ್ಟೆಲಿಗೆ ಹಾಕಿದಳು. ಆ ಬ್ಯಾರನ್ನಿನ ಒಳಗೆ ಏನು ನಡೆಯುತ್ತದೆ ಎಂದು ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ.

ಜೂನಿನಲ್ಲಿ ಒಂದು ದಿನ ಅಮ್ಮ ಬೇಲಿಯ ಸಂದಿಯಿಂದ ಆ ಗಿಡಗಳನ್ನು ನೋಡುತ್ತ ನಿಂತಿದ್ದಳು. ಪಕ್ಕದ ಮನೆಯಾಕೆ ಒಳಗೆ ಕರೆದಳು. ಆಕೆಯ ಇಂಗ್ಲಿಷನ್ನು ಕನ್ನಡಕ್ಕೆ ತಿರುಗಿಸಿ ಹೇಳಲು ನಾನೂ ಹೋದೆ. ಅದು ಗಾಂಜಾ ಎಂದು ಅಮ್ಮನಿಗೆ ನಾನೇ ಹೇಳಿದೆ, ಹೆದರಿ ಹಿಂದೆ ಸರಿಯುತ್ತಾಳೆ ಅಂದುಕೊಂಡು. ಅಮ್ಮ ಆಕೆಯ ಬೆರಳುಗಳನ್ನು ನೋಡಿ, ನೋವಿಗೆ ತಾನೆ, ಔಷಧಿ ಅಂದುಬಿಟ್ಟಳು. ಆಕೆ ಒಳಗಿಂದ ಒಂದು ಹಳೇ ಫೋಟೋ ತಂದಳು. ಉತ್ತರ ಕೆರೊಲೈನಾದಲ್ಲಿ ಅವಳ ಅಪ್ಪನ ಹೊಲ. ಎತ್ತರದ ಮರದ ಮನೆ, ಒಳಗೆ ಕಡ್ಡಿ ಕಡ್ಡಿಗೆ ನೇತುಹಾಕಿದ ಹೊಗೆಸೊಪ್ಪು, ಬಾಗಿಲಲ್ಲಿ ಬರಿಗಾಲಿನ ಒಬ್ಬಳು ಹುಡುಗಿ.

"ಅಯ್ಯೋ, ನಮ್ ಬ್ಯಾರನ್ ಕಣೇ ಇದು," ಅಂದಳು ಅಮ್ಮ. ಆಕೆಗೆ ಆ ಒಂದು ಪದ ಅರ್ಥವಾಯಿತು. ಅವಳ ಭಾಷೆಯಲ್ಲೂ ಅದು ಅದೇ, ಬಾರ್ನ್. ಇಬ್ಬರೂ ಫೋಟೋ ಹಿಡಿದು ನಗತೊಡಗಿದರು. ಮಧ್ಯೆ ನಾನು ಕಂಬದ ಹಾಗೆ ನಿಂತಿದ್ದೆ.

ಅಲ್ಲಿಂದ ಶುರುವಾಯಿತು ನೋಡಿ. ಬೆಳಗ್ಗೆ ಏಳಕ್ಕೆ ಅಮ್ಮ ಬೇಲಿಯಾಚೆ. ರಾತ್ರಿ ಮಳೆ ಬಂದಿದ್ದರೆ ಗಿಡ ಅಲ್ಲಾಡಿಸಿ ನೀರು ಉದುರಿಸುವುದು, ಇಲ್ಲಿನ ಸೆಖೆಗೆ ಬೂಸ್ಟು ಹಿಡಿಯುತ್ತದಂತೆ. ಕೆಳಗಿನ ಹಳದಿ ಎಲೆ ತೆಗೆಯುವುದು, ಎಲೆಯ ಹಿಂದೆ ಹುಳ ಹುಡುಕುವುದು. ಗಿಡ ಪೊದೆಯಾಗಲಿ ಎಂದು ಜೂನಿನಲ್ಲಿ ಆಕೆ ಎಳೇ ಕುಡಿಗಳನ್ನು ಚಿವುಟಿದಾಗ ಅಮ್ಮ ಮನೆಗೆ ಬಂದು ಕಣ್ಣರಳಿಸಿ ಹೇಳಿದಳು, ಆವಮ್ಮನೂ ನಮ್ ಥರಾನೇ ಕುಡಿ ಮುರೀತಾರೆ ಅಂತ. ಎರಡು ವರ್ಷ ಬೆನ್ನು ಹತ್ತಿ ವೀಸಾ ಮಾಡಿಸಿ ಕರೆಸಿಕೊಂಡವಳು ನಾನು. ನನಗೆ ಹೇಳಿಕೊಡದ್ದನ್ನು ಅಮ್ಮ ಭಾಷೆಯೇ ಬಾರದವಳ ಜೊತೆ ಕೈಸನ್ನೆಯಲ್ಲಿ ಹಂಚಿಕೊಳ್ಳುತ್ತಿದ್ದಳು.

ಅಲ್ಲಿಗೆ ಹೋಗಬೇಡ ಎಂದು ಹೇಳಲು ನನ್ನ ಹತ್ತಿರ ಒಳ್ಳೆಯ ಕಾರಣವೂ ಇತ್ತು. ನಮ್ಮ ಗ್ರೀನ್ ಕಾರ್ಡ್ ಇನ್ನೂ ಬಂದಿಲ್ಲ, ಅಮ್ಮನದು ವಿಸಿಟರ್ ವೀಸಾ. ರಾಜ್ಯದ ಕಾನೂನು ಏನೇ ಇರಲಿ, ದೇಶದ ಕಾನೂನು ಬೇರೆ, ಆ ಗಿಡದ ಹತ್ತಿರ ಸುಳಿಯಬೇಡಿ ಎಂದು ಲಾಯರು ಖಡಾಖಂಡಿತ ಹೇಳಿದ್ದರು. ಅದನ್ನು ಅಮ್ಮನಿಗೆ ದಿನಾ ಒಪ್ಪಿಸುತ್ತಿದ್ದೆ. ಎಷ್ಟು ಹೇಳಿದರೂ ಅಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನ ಗಂಡ ಒಂದು ಸಲ ಮೆತ್ತಗೆ ಕೇಳಿದ, ನಿಂಗೆ ಇರೋದು ಭಯಾನಾ ಅಥವಾ ಬೇರೆ ಏನಾದ್ರೂನಾ ಅಂತ. ಅವನ ಜೊತೆ ಎರಡು ದಿನ ಮಾತು ಬಿಟ್ಟೆ.

ಆಗಸ್ಟ್ ಕೊನೆಯಲ್ಲಿ ಆಕೆ ಹತ್ತು ದಿನಕ್ಕೆ ಕೆರೊಲೈನಾಗೆ ತಂಗಿಯ ಮನೆಗೆ ಹೊರಟಳು. ಕಾರು ಹತ್ತುವ ಮುಂಚೆ ಬೇಲಿಯ ಹತ್ತಿರ ನನ್ನನ್ನು ನಿಲ್ಲಿಸಿ ನಿಧಾನವಾಗಿ ಹೇಳಿದಳು. ಅಮ್ಮನಿಗೆ ಹೇಳು, ನೀರು ಹಾಕಿದರೆ ಸಾಕು, ಇನ್ನೇನೂ ಮುಟ್ಟುವುದು ಬೇಡ. ಈಗ ಹೂ ಕಟ್ಟುತ್ತಿದೆ, ನನಗೆ ಬೇಕಾದದ್ದು ಆ ಹೂವೇ, ಎಲೆಯಲ್ಲಿ ಏನಿಲ್ಲ. ನಾನು ಒಳಗೆ ಬಂದು ಅಮ್ಮನಿಗೆ ಹೇಳಿದ್ದು ಇಷ್ಟು: ನೀರು ಹಾಕ್ಬೇಕಂತೆ. ಒಲೆಯ ಮೇಲೆ ಹಾಲಿತ್ತು. ಅವರಿಬ್ಬರ ಮಾತು ಅತ್ತಿಂದಿತ್ತ ಹೊತ್ತು ನನಗೂ ಸಾಕಾಗಿತ್ತು. ಅವತ್ತು ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಅಷ್ಟನ್ನಾದರೂ ನಂಬಿ.

ನಾಲ್ಕನೇ ದಿನ ಬೆಳಗ್ಗೆ ಸಿಂಕಿನ ಮುಂದಿನ ಕಿಟಕಿಯಿಂದ ನೋಡುತ್ತೇನೆ, ಅಮ್ಮ ಮೊದಲನೇ ಗಿಡದ ಮುಂದೆ ನಿಂತು, ಬಿಳಿ ಕೂದಲಿನಂಥ ಎಳೆ ಬಿಟ್ಟ ಹೂವಿನ ತುದಿಗಳನ್ನು ಒಂದೊಂದಾಗಿ ಚಿವುಟಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದಾಳೆ. ಹೊಗೆಸೊಪ್ಪಿನಲ್ಲಿ ಹಾಗೇ ಮಾಡುವುದು. ಹೂ ಬಿಟ್ಟುಬಿಟ್ಟರೆ ಸತ್ವವೆಲ್ಲ ಅದಕ್ಕೇ ಹೋಗಿ ಎಲೆ ತೆಳ್ಳಗಾಗುತ್ತದೆ. ಹೂ ಮುರಿದರೆ ಎಲೆ ದಪ್ಪ, ಅಗಲ, ಅಂಟು. ಅಮ್ಮ ಗೆಳತಿಗೆ ಉಪಕಾರ ಮಾಡುತ್ತಿದ್ದಳು.

ನನಗೆ ಗೊತ್ತಿತ್ತು. ಬಾಗಿಲು ತೆಗೆದು ಅಮ್ಮಾ ಎಂದು ಕೂಗಿದರೆ ಮುಗಿಯುತ್ತಿತ್ತು. ಅಮ್ಮ ಒಮ್ಮೆ ತಲೆಯೆತ್ತಿ ನಮ್ಮ ಕಿಟಕಿಯ ಕಡೆ ನೋಡಿದಳು ಕೂಡ. ನಾನು ಲೋಟ ತೊಳೆಯತೊಡಗಿದೆ. ಆಗಲಿ, ಬಂದು ನೋಡಲಿ ಅವಳು, ಅಮ್ಮನ ಕೈಗುಣ ಏನು ಅಂತ ಗೊತ್ತಾಗಲಿ ಅನ್ನಿಸಿತು. ಹೌದು, ಹೀಗೇ ಅನ್ನಿಸಿತು, ಬೇರೆ ಮಾತಿನಲ್ಲಿ ಚಂದ ಮಾಡಿ ಬರೆಯಲಾರೆ.

ಎರಡನೇ ಗಿಡವನ್ನು ಅಮ್ಮ ಮುಟ್ಟಿದ್ದು ಮರುದಿನ. ನಡುವೆ ನಾವಿಬ್ಬರೂ ಒಟ್ಟಿಗೆ ಎರಡು ಊಟ ಮಾಡಿದ್ದೆವು, ಇಂಡಿಯನ್ ಸ್ಟೋರಿಗೆ ಹೋಗಿ ಕರಿಬೇವು ತಂದಿದ್ದೆವು, ಕಾರಿನಲ್ಲಿ ಇಪ್ಪತ್ತು ನಿಮಿಷ ಅಕ್ಕಪಕ್ಕ ಕೂತಿದ್ದೆವು. ಹೇಳಲಿಲ್ಲ. ಮರುದಿನವೂ ಅದೇ ಕಿಟಕಿಯಲ್ಲಿ ನಿಂತು ಕಾಫಿ ಕುಡಿದೆ.

ಆಕೆ ವಾಪಸು ಬಂದ ದಿನ ಅಮ್ಮ ಕೈಹಿಡಿದು ಕರೆದುಕೊಂಡು ಹೋಗಿ ತೋರಿಸಿದಳು. ಎಲೆಗಳು ನಿಜಕ್ಕೂ ಅಂಗೈಗಿಂತ ಅಗಲವಾಗಿದ್ದವು. ಆಕೆ ಮುರಿದ ತುದಿಗಳನ್ನು ಒಂದೊಂದಾಗಿ ಮುಟ್ಟುತ್ತ ಹೋದಳು. ಆಮೇಲೆ ಬೇಲಿಯ ಹತ್ತಿರ ನಿಂತಿದ್ದ ನನ್ನನ್ನು ಕೇಳಿದಳು, ನಾನು ಹೇಳಿದ್ದನ್ನು ಹೇಳಿದೆಯಾ? ಹೇಳಿದೆ, ಅಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು! ಆಕೆ ತಲೆಯಾಡಿಸಿದಳು. ನಮ್ಮಪ್ಪನ ಹೊಲದಲ್ಲಿ ನಾನೂ ಹೀಗೇ ಮುರಿದಿದ್ದೇನೆ, ಅಭ್ಯಾಸ ಬಿಡುವುದಿಲ್ಲ, ಅಮ್ಮನಿಗೆ ಏನೂ ಹೇಳಬೇಡ, ನೊಂದುಕೊಳ್ಳುತ್ತಾರೆ ಅಂದಳು. ಅಮ್ಮನ ಬೆನ್ನು ತಟ್ಟಿದಳು. ಬೈಯುತ್ತಾಳೆ, ಇಬ್ಬರೂ ದೂರವಾಗುತ್ತಾರೆ ಎಂದು ಕಾದಿದ್ದ ನನಗೆ ಸಿಕ್ಕಿದ್ದು ಅದು.

ಕೆಳಗಿನ ಸಣ್ಣ ಕೊಂಬೆಗಳಲ್ಲಿ ಅಷ್ಟಿಷ್ಟು ಹೂ ಮತ್ತೆ ಬಂತು. ಅಕ್ಟೋಬರಿನಲ್ಲಿ ಆಕೆ ದಿನಾ ಭೂತಗನ್ನಡಿ ಹಿಡಿದು ಹೂವಿನ ಮೇಲಿನ ಸಣ್ಣ ಹನಿಗಳನ್ನು ನೋಡುತ್ತಿದ್ದಳು. ನೀರಿನಂತಿದ್ದದ್ದು ಹಾಲಿನಂತೆ ಮಬ್ಬಾದರೆ ಕೊಯ್ಲಿಗೆ ಬಂತು ಎಂದರ್ಥ. ಅಮ್ಮ ಅದನ್ನು ಹುಳ ಹುಡುಕುವುದೆಂದೇ ತಿಳಿದಿದ್ದಳು. ಆಕೆಯ ಹಿತ್ತಲಿನ ಶೆಡ್ಡಿನ ಕಿಟಕಿಗೆ ಇಬ್ಬರೂ ಸೇರಿ ಕಪ್ಪು ಬಟ್ಟೆ ಹೊಡೆದರು, ಗೋಡೆಗೆ ಮುಖ ಮಾಡಿ ಒಂದು ಸಣ್ಣ ಫ್ಯಾನ್ ಇಟ್ಟರು. ಬೆಂಕಿಯಿಲ್ಲ, ಬಿಸಿಲಿಲ್ಲ, ಕತ್ತಲೆಯಲ್ಲಿ ಹತ್ತು ಹನ್ನೆರಡು ದಿನ ನಿಧಾನವಾಗಿ ಒಣಗಬೇಕು, ಕಡ್ಡಿ ಬಗ್ಗಿಸಿದರೆ ಲಟಕ್ಕೆನ್ನಬೇಕು. ಅಮ್ಮ ಅದನ್ನು ಕೇಳಿ, ನಮ್ ಸೊಪ್ಪಿನ ನಾರೂ ಹಂಗೇ ಅಂದಳು.

ಕೊಯ್ಲಿನ ದಿನ ನನ್ನನ್ನೂ ಕರೆದರು. ಆಕೆ ಕೊಂಬೆ ಕತ್ತರಿಸಿ ಕೊಡುವುದು, ಅಮ್ಮ ದೊಡ್ಡ ಎಲೆ ಬಿಡಿಸುವುದು. ಅಮ್ಮ ಬಿಡಿಸಿದ ಎಲೆಗಳನ್ನು ತೊಟ್ಟಿಗೆ ತೊಟ್ಟು ಸರಿಹೊಂದಿಸಿ, ಕಡ್ಡಿಗೆ ಕಟ್ಟಲು ತಯಾರಾಗಿ ಜೋಡಿಸಿಡುತ್ತಿದ್ದಳು. ಆಕೆ ಆ ಕಟ್ಟನ್ನು ಎತ್ತಿ ಕಸ ಕೊಳೆಸುವ ಕಾಂಪೋಸ್ಟ್ ಡಬ್ಬಕ್ಕೆ ಹಾಕಿದಳು. ಕೈಯಲ್ಲಿ ಉಳಿಸಿಕೊಂಡದ್ದು ಹೆಬ್ಬೆರಳಿನಷ್ಟು ಹೂವಿದ್ದ ಒಂದು ಸಣ್ಣ ಕೊಂಬೆ. ಅದನ್ನು ಜೋಪಾನವಾಗಿ ತಲೆಕೆಳಗಾಗಿ ಹಗ್ಗಕ್ಕೆ ತೂಗಿದಳು. ಅಮ್ಮನ ಕೈ ನಿಂತುಹೋಯಿತು. ಡಬ್ಬ ನೋಡಿದಳು, ಹಗ್ಗ ನೋಡಿದಳು. ಯಾರೂ ಕನ್ನಡಕ್ಕೆ ತಿರುಗಿಸಿ ಹೇಳಬೇಕಾಗಿರಲಿಲ್ಲ.

ಅಂಟಿದ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿ ತೊಳೆಯಲು ಅಮ್ಮ ನಮ್ಮ ಡೆಕ್ಕಿಗೆ ಬಂದಳು. ನಾನು ನೀರು ಹೊಯ್ಯುತ್ತಿದ್ದೆ.

"ಊರಿಗೋಗೋ ದಿನ ಆವಮ್ಮ ನಿಂಗೆ ಉದ್ದುಕ್ಕೆ ಏನೋ ಹೇಳ್ತಿದ್ರು. ನೀನು ಬಂದು ನಂಗೆ ಒಂದೇ ಮಾತು ಹೇಳ್ದೆ."

ನಾನು ಇನ್ನಷ್ಟು ನೀರು ಹೊಯ್ದೆ.

"ನಾ ಹೂ ಮುರೀವಾಗ ನೀ ಕಿಟ್ಕೀಲಿ ನಿಂತಿದ್ದೆ. ನಂಗೆ ಇಲ್ಲಿ ಒಂದೂ ಗೊತ್ತಾಗಲ್ಲ, ನಿನ್ ಮುಖ ನೋಡ್ಕೊಂಡೇ ಎಲ್ಲಾ ಮಾಡೋದು. ನೀ ಏನೂ ಅನ್ಲಿಲ್ಲ. ಸರಿಯಾಗೇ ಮಾಡ್ತಿದೀನಿ ಅಂದ್ಕೊಂಡೆ."

ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿದ್ದರೆ ನಾನೂ ಜಗಳವಾಡಿ ಹಗುರವಾಗುತ್ತಿದ್ದೆ. ಕೈ ಒರೆಸಿಕೊಂಡು ಅಮ್ಮ ಎದ್ದಳು. ಬಾ, ಆವಮ್ಮಂಗೆ ಹೇಳ್ಬೇಕು ಅಂದಳು. ಮಗಳು ಎಲ್ಲ ಸರಿಯಾಗಿಯೇ ಹೇಳಿದ್ದಳು, ನನಗೇ ಮರೆತುಹೋಯಿತು, ಈ ವಯಸ್ಸಿಗೆ ಬುದ್ಧಿ ನಿಲ್ಲುವುದಿಲ್ಲ, ನಿನ್ನ ಬೆಳೆ ಹಾಳು ಮಾಡಿದೆ, ಕ್ಷಮಿಸು, ಹೀಗೆ ಹೇಳು ಎಂದು ಒಂದೊಂದೇ ಮಾತು ಹೇಳಿಕೊಟ್ಟಳು. ನಾನು ಆಕೆಗೆ ಆಗಲೇ ಏನು ಸುಳ್ಳು ಹೇಳಿದ್ದೆ ಎಂದು ಅಮ್ಮನಿಗೆ ಗೊತ್ತಿರಲಿಲ್ಲ. ತಾನಾಗಿಯೇ ಅದೇ ಸುಳ್ಳನ್ನು ನನಗಾಗಿ ಕಟ್ಟಿದ್ದಳು.

ಶೆಡ್ಡಿನ ಬಾಗಿಲಲ್ಲಿ ಅಮ್ಮ ಕೈಮುಗಿದು ನಿಂತಳು. ನಾನು ಇಂಗ್ಲಿಷಿನಲ್ಲಿ ಹೇಳಿದೆ: ತಾನು ಮರೆತೆ ಅನ್ನುತ್ತಿದ್ದಾಳೆ ಅಮ್ಮ. ಸುಳ್ಳು. ನಾನು ಅವಳಿಗೆ ಹೇಳಲೇ ಇಲ್ಲ. ಮುರಿಯುವಾಗ ನೋಡುತ್ತಿದ್ದೆ, ತಡೆಯಲಿಲ್ಲ. ಆಕೆ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟು ಕೇಳಿದಳು, ಎರಡೂ ಗಿಡಗಳನ್ನು ಒಂದೇ ದಿನ ಮುರಿದರಾ? ಇಲ್ಲ, ಅಂದೆ, ಎರಡು ದಿನ.

"ಹೇಳ್ದ್ಯಾ?" ಅಂದಳು ಅಮ್ಮ.

"ಹೇಳ್ದೆ ಅಮ್ಮ."

ಆಕೆ ಅಮ್ಮನ ಮುಗಿದ ಕೈಗಳನ್ನು ಬಿಡಿಸಿ, ಅವಕ್ಕೆ ಒಂದು ಕೊಂಬೆ ಕೊಟ್ಟು ಹಗ್ಗದ ಕಡೆ ತೋರಿಸಿದಳು. ಒಣಗಲು ಬಿಟ್ಟ ಹನ್ನೊಂದು ದಿನವೂ ಅಮ್ಮ ಬೆಳಗ್ಗೆ ಹೋಗಿ ಕಡ್ಡಿ ಬಗ್ಗಿಸಿ ನೋಡಿ ಬರುತ್ತಿದ್ದಳು. ಹೂವೆಲ್ಲ ಎರಡು ಗಾಜಿನ ಜಾಡಿಯಲ್ಲಿ ಹಿಡಿಯಿತು. ಹಿಂದಿನ ವರ್ಷ ಹನ್ನೊಂದು ಜಾಡಿ ಆಗಿತ್ತಂತೆ. ನನ್ನನ್ನು ಮತ್ತೆ ಮಾತಿಗೆ ಕರೆಯಲಿಲ್ಲ, ಇಬ್ಬರಿಗೂ ನನ್ನ ಅಗತ್ಯವಿರಲಿಲ್ಲ. ನವೆಂಬರಿನಲ್ಲಿ ಅಮ್ಮ ಊರಿಗೆ ಹೋದಳು.

ಜನವರಿಯಲ್ಲಿ ಒಂದು ಮಧ್ಯಾಹ್ನ ನಮ್ಮ ಬೀದಿ ತುದಿಯ ಅಂಚೆಪೆಟ್ಟಿಗೆಗಳ ಹತ್ತಿರ ಆಕೆ ನಿಂತಿದ್ದಳು. ಅವಳ ಮನೆಯ ಪೆಟ್ಟಿಗೆಯ ಬೀಗದೊಳಗೆ ಕೀಲಿ ಇತ್ತು, ತಿರುಗಿಸಲು ಬೆರಳು ಬಗ್ಗುತ್ತಿರಲಿಲ್ಲ. ಎರಡೂ ಕೈ ಸೇರಿಸಿ ನೋಡಿದಳು, ಆಗಲಿಲ್ಲ. ಬೆರಳಿಗೆ ಹಚ್ಚುವ ಎಣ್ಣೆ ಮುಗಿದುಹೋಯಿತು ಅಂದಳು, ದೂರುವ ಧ್ವನಿಯೇನೂ ಇರಲಿಲ್ಲ. ಆಮೇಲೆ, ಅಮ್ಮ ಹೇಗಿದ್ದಾರೆ, ಹೋದ ಭಾನುವಾರ ವಿಡಿಯೋದಲ್ಲಿ ನೋಡಿದೆ, ಸಣ್ಣಗಾಗಿದ್ದಾರೆ ಅಂದಳು. ಅಮ್ಮ ಭಾನುವಾರ ಅವಳಿಗೂ ಫೋನ್ ಮಾಡುತ್ತಾಳೆ ಎಂದು ನನಗೆ ಗೊತ್ತಾದದ್ದು ಆಗಲೇ. ಆ ಊದಿದ ಬೆರಳುಗಳನ್ನು ಎದುರಿಗೇ ಇಟ್ಟುಕೊಂಡೂ ನನ್ನ ಹೊಟ್ಟೆಯಲ್ಲಿ ಕಿಚ್ಚು ಹೊತ್ತಿಕೊಂಡಿತು. ಆಕೆ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ನಾನು ಕೀಲಿ ತಿರುಗಿಸಿದೆ.