ಶೆಣೈ ಕೊಟ್ಟ ಶುರುವಾತಿನ ಫೈಲು

ಸಂಜೆ ಬರೆದಿಟ್ಟದ್ದು ಬೆಳಿಗ್ಗೆ ಮಾಯ!

ಒಂದು ದಿನವಾದರೆ ಏನೋ ಕೈತಪ್ಪು ಎನ್ನಬಹುದು. ದಿನಾ ಹೀಗೇ ಆದರೆ? ಮುಂಬಯಿಯ ಅಂಧೇರಿಯ ನಮ್ಮ ಆಫೀಸಿನಲ್ಲಿ ಕಳೆದ ವಾರ ವಸುಧಾ ಕುಲಕರ್ಣಿ ಎಂಬ ಧಾರವಾಡದ ಹೆಂಗಸು ಕಂಪ್ಯೂಟರಿನ ಟರ್ಮಿನಲ್ ಎದುರು ಕೂತು ಅಳುತ್ತಿದ್ದರು. ಸೆರಗಿನಿಂದ ಕಣ್ಣು ಒರೆಸಿಕೊಳ್ಳುವುದು, ಒಂದು ಕೀಲಿ ಒತ್ತುವುದು, ಮತ್ತೆ ಒರೆಸಿಕೊಳ್ಳುವುದು. ನಾನು ತಂಗಿಯ ಮದುವೆ ಮುಗಿಸಿ ಅವತ್ತಷ್ಟೇ ರಜೆಯಿಂದ ಮರಳಿದ್ದೆ. (ಹಂಚಲೆಂದು ತಂದ ಲಾಡಿನ ಡಬ್ಬ ಚೀಲದಲ್ಲೇ ಉಳಿಯಿತು.)

“ನಿನ್ನಿ ಸಂಜಿಮುಂದ ಎಲ್ಲಾ ಬರದಿಟ್ಟು ಹೋಗಿದ್ದೆನ್ರಿ. ಈಗ ನೋಡ್ರಿ, ಒಂದ ಅಕ್ಷರ ಇಲ್ಲ. ನನಗ ಈ ಮಶೀನ್ ಒಲಿಯೂದಿಲ್ಲ ಬಿಡ್ರಿ” ಎಂದರು.

ಮಶೀನು ಒಲಿಯುವುದಿಲ್ಲವೇ? ಅದೇನು ದೇವರೇ?

ಓದುಗರಲ್ಲಿ ಹೆಚ್ಚಿನವರು ಕಂಪ್ಯೂಟರ್ ನೋಡಿರಲಿಕ್ಕಿಲ್ಲ. ಹೆದರಬೇಡಿ. ದೊಡ್ಡ ಯಂತ್ರ ಏಸಿ ಕೋಣೆಯಲ್ಲಿ ಹಾಯಾಗಿರುತ್ತದೆ. ನಾವು ಬಡಪಾಯಿಗಳು ಹೊರಗೆ ಟೈಪ್‌ರೈಟರಿನಂಥ ಟರ್ಮಿನಲ್ ಮುಂದೆ ಕೂತು ಅದಕ್ಕೆ ಆದೇಶ ಕೊಡುತ್ತೇವೆ. ನಾವು ಒಂದು ಸಾಲು ಬರೆದರೆ ಅದು ಕಟಕಟ ಎಂದು ಕಾಗದದ ಮೇಲೆ ಉತ್ತರ ಬರೆಯುತ್ತದೆ. ಒಬ್ಬೊಬ್ಬರಿಗೂ ಅದರಲ್ಲಿ ಒಂದು ಶುರುವಾತಿನ ಫೈಲು ಇರುತ್ತದೆ. ನೀವು ಹೆಸರು ಹೇಳಿ ಒಳಗೆ ಬಂದ ಕೂಡಲೇ ಯಂತ್ರ ಅದನ್ನು ಓದಿಕೊಳ್ಳುತ್ತದೆ. ಮೊದಲು ಏನು ತೋರಿಸಬೇಕು, ಯಾವ ಉದ್ದದ ಆದೇಶಕ್ಕೆ ಯಾವ ಗಿಡ್ಡ ಹೆಸರು, ನೀವು ಹೊರಡುವಾಗ ಏನು ಮಾಡಬೇಕು, ಎಲ್ಲ ಅದರಲ್ಲಿರುತ್ತದೆ. ಹೊಸಬರಿಗೆ ಈ ಫೈಲು ಮಾಡಿಕೊಡುವುದು ನನ್ನ ಕೆಲಸ. ಅದರಲ್ಲಿ ನಾನು ಗಟ್ಟಿ. ಜಂಬ ಅಂದರೂ ಅನ್ನಿ.

ವಸುಧಾಬಾಯಿ ನಮ್ಮ ಟೈಪಿಂಗ್ ಸೆಕ್ಷನ್ನಿನಲ್ಲಿ ವರ್ಷಗಟ್ಟಲೆ ಬೇರೆಯವರ ಪತ್ರ ಟೈಪ್ ಮಾಡಿದವರು. ಈ ಸೀಟನ್ನು ತಾವಾಗಿಯೇ ಕೇಳಿ ಪಡೆದಿದ್ದರು. ಗಿರಣಿ ಕಾರ್ಮಿಕರ ಮನೆಗಳಲ್ಲಿ ತಿಂಗಳಿಗೆ ಎಷ್ಟು ಅಕ್ಕಿ, ಎಷ್ಟು ಜೋಳ, ಎಷ್ಟು ಎಣ್ಣೆ ಎಂಬ ಸರ್ವೇಯನ್ನು ಯಂತ್ರಕ್ಕೆ ತುಂಬಿ ಕೋಷ್ಟಕ ತೆಗೆಯಬೇಕು. ಸಾಹೇಬರು ಮುಖ ಸಿಂಡರಿಸಿಯೇ ಒಪ್ಪಿದ್ದರು. ಶನಿವಾರದೊಳಗೆ ಕೋಷ್ಟಕ ಮೇಜಿಗೆ ಬರದಿದ್ದರೆ ಮತ್ತೆ ಟೈಪಿಂಗ್ ಸೆಕ್ಷನ್ನಿಗೆ ನಡೆಯಿರಿ ಎಂದೂ ಹೇಳಿಬಿಟ್ಟಿದ್ದರು.

“ನಿಮ್ಮ ಫೈಲು ಯಾರು ಮಾಡಿಕೊಟ್ಟರು?” ಎಂದು ಕೇಳಿದೆ.

“ಶೆಣೈಯವರ‍್ರಿ. ನೀವು ಇರಲಿಲ್ಲಲ್ಲ. ಪಾಪ, ತಮ್ಮದ ಕಾಪಿ ಮಾಡಿ ಕೊಟ್ಟಾರ.”

ಅರ್ಥವಾಯಿತು! ಫೈಲನ್ನು ಕಾಗದದ ಮೇಲೆ ಬರೆಸಿ ನೋಡಿದೆ. ಕೊನೆಯ ಸಾಲು: ಹೊರಡುವಾಗ ಎಲ್ಲವನ್ನೂ ಅಳಿಸು.

ನಮ್ಮ ಸಹೋದ್ಯೋಗಿ ಶೆಣೈಯವರ ತಂದೆಯದು ಸಯನ್‌ನಲ್ಲಿ ಹೋಟೆಲು. ಬಾಗಿಲು ಹಾಕುವ ಮೊದಲು ಮೇಜೆಲ್ಲ ಒರೆಸಿರಬೇಕು, ಪಾತ್ರೆಯೆಲ್ಲ ಬೋರಲಾಗಿರಬೇಕು, ಇವತ್ತಿನ ಸಾಂಬಾರು ನಾಳೆಗೆ ಉಳಿಯಕೂಡದು. ಆ ಶಿಸ್ತಿನಲ್ಲಿ ಬೆಳೆದವರು ಕಂಪ್ಯೂಟರನ್ನೂ ಹಾಗೇ ತೊಳೆದಿಟ್ಟು ಮನೆಗೆ ಹೋಗುತ್ತಾರೆ. ಅವರಿಗೆ ಅದು ಸರಿ. ಅವರ ಅಂಕಿಗಳು ದಿನಾ ಬೆಳಿಗ್ಗೆ ಹೊಸದಾಗಿ ತೂತು ಕೊರೆದ ಕಾರ್ಡುಗಳಲ್ಲಿ ಬರುತ್ತವೆ. ಆದರೆ ನಿನ್ನೆ ಕೈಯಾರೆ ತುಂಬಿದ ಅಕ್ಕಿ, ಜೋಳ ಇವತ್ತೂ ಬೇಕಾದ ವಸುಧಾಬಾಯಿಯ ಗತಿ?

ಶೆಣೈಯವರನ್ನು ಹಿಡಿದು ಝಾಡಿಸಿದೆ.

“ಎಂತ ಮಾರಾಯ್ರೇ, ನಾನು ಕೆಟ್ಟದು ಮಾಡಿದೆನಾ? ನನಗೆ ಇಷ್ಟು ವರ್ಷ ಒಂದು ತೊಂದರೆ ಆಗಲಿಲ್ಲ. ಅದಕ್ಕೇ ಕೊಟ್ಟದ್ದು!” ಎಂದರು.

ನಿಜ. ಅವರಿಗೆ ಆಗಲಿಲ್ಲ. ನಮ್ಮ ಸಹಾಯಗಳೆಲ್ಲ ಹೀಗೇ ಅಲ್ಲವೇ? ನಾವು ಮಲಾಡ್‌ಗೆ ಮನೆ ಬದಲಿಸಿದ ದಿನ ಪಕ್ಕದ ಮನೆಯ ಭಾಭಿ ಬಂದು, ನಾನು ನೀರು ಹಿಡಿಯುವಷ್ಟರಲ್ಲಿ ನನ್ನ ಅಡಿಗೆಮನೆಯನ್ನು ಜೋಡಿಸಿಯೇ ಬಿಟ್ಟರು. ಬಂಗಾರದಂಥ ಹೆಂಗಸು. ಆದರೆ ನನಗಿಂತ ಒಂದು ಮೊಳ ಎತ್ತರ! ಆ ವಾರವೆಲ್ಲ ಉಪ್ಪು ಬೇಕಾದರೆ ಸ್ಟೂಲ್ ಹತ್ತಿದೆ. ಅವರನ್ನು ಬೈಯಲಾದೀತೇ? ಚಹಾ ಕೊಟ್ಟು ಕಳಿಸಿದೆ.

ಶೆಣೈಯ ಫೈಲನ್ನು ಕಿತ್ತು ಹಾಕಿ ವಸುಧಾಬಾಯಿಯ ಪಕ್ಕ ಕುರ್ಚಿ ಎಳೆದುಕೊಂಡೆ. “ಹೇಳಿ, ನಿಮಗೆ ಹೇಗೆ ಬೇಕು?”

“ನಿಮಗ ಹ್ಯಾಂಗ ಅನಕೂಲನೋ ಹಂಗ ಮಾಡ್ರಿ.”

“ಕೆಲಸ ಮಾಡುವವರು ನೀವು. ನನ್ನ ಅನುಕೂಲ ಕಟ್ಟಿಕೊಂಡು ಏನು ಮಾಡ್ತೀರಿ?”

ಅವರು ನನ್ನ ಮುಖವನ್ನೇ ನೋಡಿದರು. ಮದುವೆಯಾಗಿ ಮುಂಬಯಿಗೆ ಬಂದ ಮೇಲೆ ಯಾರೂ ಈ ಪ್ರಶ್ನೆ ಕೇಳಿರಲಿಲ್ಲವೋ ಏನೋ. ನನಗೆ ಸಂಕಟವೂ ಆಯಿತು, ಸಿಟ್ಟೂ ಬಂತು. ಉತ್ತರ ಬರುವವರೆಗೂ ಏಳುವುದಿಲ್ಲ ಎಂದು ಹಟ ಹಿಡಿದು ಕೂತೆ. ಚಹಾ ತಣ್ಣಗಾಯಿತು.

“ಬರದದ್ದು ಅಳಿಸಬಾರದು” ಎಂದರು, ಮೆಲ್ಲಗೆ. ಆಮೇಲೆ ಧೈರ್ಯ ಬಂತು. “ಬೆಳಿಗ್ಗೆ ಬಂದ ಕೂಡಲೆ, ನಿನ್ನಿ ಎಲ್ಲಿಗೆ ಬಿಟ್ಟಿದ್ದೆ ಅನ್ನೂದು ತೋರಸ್ಲಿ. ಆಗ್ತದೇನ್ರಿ?”

ಆಗದೇ ಏನು? ಅವರೇ ಟೈಪ್ ಮಾಡಿದರು, ನಾನು ಆದೇಶಗಳನ್ನು ಹೇಳಿಕೊಟ್ಟೆ ಅಷ್ಟೆ. ಮರುದಿನ ಬೆಳಿಗ್ಗೆ ಟರ್ಮಿನಲ್ ಕಟಕಟ ಎಂದು, ಇಲ್ಲಿನ ಗಿರಣಿ ಕೇರಿ ಲಾಲ್‌ಬಾಗಿನ ಒಂದು ಮನೆಯ ಎಣ್ಣೆಯ ಲೆಕ್ಕಕ್ಕೆ ಬಂದು ನಿಂತಿತು. ಹಿಂದಿನ ಸಂಜೆ ಅವರು ಬಿಟ್ಟು ಹೋದ ಜಾಗ ಅದೇ. ವಸುಧಾಬಾಯಿ ಕಾಗದವನ್ನು ಕೈಯಿಂದ ಮುಟ್ಟಿ ನೋಡಿದರು.

ಶನಿವಾರ ಮಧ್ಯಾಹ್ನ ಕೋಷ್ಟಕ ಸಾಹೇಬರ ಮೇಜಿಗೆ ಹೋಯಿತು. ಅವರು ಒಂದಾದರೂ ತಪ್ಪು ಹುಡುಕಲು ಹೋಗಿ ಸೋತು “ಠೀಕ್ ಹೈ” ಎಂದರು. ಸೀಟು ಉಳಿಯಿತು. ನಾನು ಮೊದಲೇ ಹೇಳಿದೆನಲ್ಲ, ಅದರಲ್ಲಿ ನಾನು ಗಟ್ಟಿ.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು.

ಸೋಮವಾರ ನಮ್ಮಲ್ಲಿಗೆ ಜಯಂತಿ ಎಂಬ ಹೊಸಬಳು ಬಂದಳು. ಇಲ್ಲೇ ಹುಟ್ಟಿ ಬೆಳೆದ ಮಂಗಳೂರು ಕಡೆಯ ಹುಡುಗಿ. ಯಂತ್ರಕ್ಕೆ ಹೊಸ ಆದೇಶಗಳನ್ನು ಹತ್ತು ಸಲ ಬರೆದು, ಪರೀಕ್ಷಿಸಿ, ಎಸೆಯುವ ಕೆಲಸ ಅವಳದು. ನಾನು ಮೀಟಿಂಗಿನಲ್ಲಿ ಸಿಕ್ಕಿಕೊಂಡಿದ್ದೆ. ನಿನ್ನೆ ಓಡಿ ಬಂದಳು. “ಮೇಡಂ, ನಾನು ಫೆಂಕಿದ್ದು, ಎಸೆದದ್ದು ಒಂದೂ ಹೋಗೋದೇ ಇಲ್ಲ. ಜಾಗಾ ಫುಲ್ ಅಂತ ಹೇಳ್ತದೆ ಮಶೀನ್. ಕ್ಯಾ ಕರೂಂ, ಏನು ಮಾಡೋದು?”

ಅವಳ ಫೈಲು ತೆಗೆಸಿ ನೋಡಿದೆ. ಏನನ್ನೂ ಅಳಿಸಬೇಡ ಎಂಬ ಸಾಲು ನನ್ನತ್ತ ನೋಡಿ ನಗುತ್ತಿತ್ತು. ಆ ಕಡೆಯ ಟರ್ಮಿನಲ್ಲಿನಿಂದ ವಸುಧಾಬಾಯಿ ಹೆಮ್ಮೆಯಿಂದ ಹೇಳಿದರು, “ಅಕಿಗೆ ನನ್ನಂಗ ತ್ರಾಸ ಆಗಬಾರದಂತ ನಂದ ಕಾಪಿ ಮಾಡಿ ಕೊಟ್ಟೇನ್ರಿ!”

ಪ್ರೀತಿಯಿಂದ ಕೊಡುವವರನ್ನು ತಡೆಯುವ ಆದೇಶ ಯಾವ ಕಂಪ್ಯೂಟರಿನಲ್ಲಿದೆ, ನೀವೇ ಹೇಳಿ?